ಕತ್ತೆ ಮುತ್ತು ಕೊಟ್ಟದ್ದು ಯಾರಿಗೆ

ಏವ್ರಿಲ್ ಎಂಟ್‌ವಿಸಲ್ ಎಂಬ ಹೆಂಗಸಿನ ನೆಮ್ಮದಿ ಕೆಡಿಸಿದ್ದು ಒಂದು ಬಟ್ಟೆಯ ಕತ್ತೆ. ಇಂಗ್ಲೆಂಡಿನ ಓಲ್ಡಂ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಕುಟ್ಟಿ ಕುಟ್ಟಿ ಮುದುಕಿಯಾದ ಈಕೆಗೆ ಬೇರೆ ಯಾವ ಹುಚ್ಚೂ ಇರಲಿಲ್ಲ. ಕತ್ತೆಯ ಮಾತು ಬಂದರೆ ಮಾತ್ರ ತಲೆ ನೆಟ್ಟಗಿರುತ್ತಿರಲಿಲ್ಲ.

ಅವಳಿಗೆ ಆರು ವರ್ಷವಾಗಿದ್ದಾಗ ಶಾಲೆಯ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಮ್ಯಾಂಚೆಸ್ಟರಿನ ಟಿವಿ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಪಾಸ್ಕೋ ಎಂಬ ಕತ್ತೆಗೊಂಬೆಯ ಆಟ. ಆಟದ ಕೊನೆಯಲ್ಲಿ ಪಾಸ್ಕೋ ಬಗ್ಗಿ, ಗುಂಪಿನ ಒಂದು ಮಗುವಿನ ಕೆನ್ನೆಗೆ ಮುತ್ತು ಕೊಡುತ್ತಿತ್ತು. ಆ ದಿನ ಕೊಟ್ಟದ್ದು ತನಗೇ ಎಂದು ಏವ್ರಿಲ್ ಹೇಳುತ್ತಾಳೆ. ಒಂದು ವರ್ಷ ದೊಡ್ಡವಳಾದ ಅಕ್ಕ ಗ್ಲೆಂಡಾ, ತನಗೇ ಎನ್ನುತ್ತಾಳೆ. ಕಾರ್ಯಕ್ರಮ ಬಂದ ಶನಿವಾರ ಅವರಪ್ಪ ಇನ್ನೊಂದು ಚಾನೆಲ್ಲಿನಲ್ಲಿ ಕುಸ್ತಿ ನೋಡುತ್ತಿದ್ದ. ಮಕ್ಕಳು ಕಾಲಿಗೆ ಬಿದ್ದು ಬೇಡಿದರೂ ಬದಲಾಯಿಸಲಿಲ್ಲ.

"ಕತ್ತೆ ನೋಡ್ಬೇಕಾದ್ರೆ ಹೋಗಿ ಕನ್ನಡಿ ಮುಂದೆ ನಿಂತ್ಕೊಳ್ರೇ," ಅಂದ.

ಪಕ್ಕದ ಮನೆಯಾಕೆ ನೋಡಿದ್ದಳು. "ನಿಮ್ಮಿಬ್ರಲ್ಲಿ ಒಬ್ಳಿಗೇ ಇರ್ಬೇಕು ಕಣ್ರೇ. ಒಂದೇ ಬಟ್ಟೇಲಿ ಹೊಲಿಸಿದ ಲಂಗ, ಒಂದೇ ಕ್ರಾಪು, ಯಾವಳು ಅಂತ ಹೇಗೆ ಹೇಳ್ಲಿ?" ಎಂದು ಬೆಂಕಿಗೆ ತುಪ್ಪ ಸುರಿದಳು.

ಟಿವಿಯವರು ಆ ಕಾಲದಲ್ಲಿ ತೋರಿಸಿದ್ದನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಇಂದಿನ ಆಟವನ್ನು ಅಳಿಸಿ ಅದೇ ಟೇಪಿನಲ್ಲಿ ನಾಳೆಯದನ್ನು ತುಂಬುತ್ತಿದ್ದರು. ಪಾಸ್ಕೋನೂ ಹಾಗೇ ಅಳಿದುಹೋದ. ಸಾಕ್ಷಿಯಿಲ್ಲದ ಮೇಲೆ ಗೆಲ್ಲುವುದು ಬಾಯಿ ಇದ್ದವರು. ಗ್ಲೆಂಡಾಗೆ ಬಾಯಿ ಇತ್ತು. ಕ್ರಿಸ್‌ಮಸ್ ಊಟದಲ್ಲಿ, ಮದುವೆಯಲ್ಲಿ, ತಿಥಿಯೂಟದಲ್ಲಿ ಕೂಡ, "ಪಾಸ್ಕೋ ನನ್ನ ಕೆನ್ನೆಗೆ ಮುತ್ತು ಕೊಡ್ತು. ಇವಳನ್ನ ನೋಡಿ ಸೀನ್ತು!" ಎಂದು ಶುರು ಮಾಡಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏವ್ರಿಲ್ಲಳ ಮದುವೆಯಲ್ಲೇ ಹೇಳಿದಳು. ನಕ್ಕವರಲ್ಲಿ ಮದುಮಗನೂ ಇದ್ದ. ಅವನು ಸಾಯುವವರೆಗೂ ಏವ್ರಿಲ್ ಆ ನಗುವನ್ನು ಕ್ಷಮಿಸಲಿಲ್ಲ.

ಒಮ್ಮೆ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದಳು. ಕಳೆದೇಹೋಯಿತೆಂದುಕೊಂಡಿದ್ದ ಯಾವುದೋ ನಾಟಕ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸಿಕ್ಕಿತಂತೆ. ಟೇಪು ಅಳಿಸುವ ಮುಂಚೆ ಫಿಲ್ಮಿಗೆ ಇಳಿಸಿ ಹೊರದೇಶಗಳಿಗೆ ಮಾರುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಸುಟ್ಟುಬಿಡಿ ಎಂದರೆ ಅಲ್ಲಿಯವರು 'ಸುಟ್ಟೆವು' ಎಂದು ಸುಳ್ಳು ಹೇಳಿ ಮನೆಗೆ ಒಯ್ಯುತ್ತಿದ್ದರಂತೆ. ಏವ್ರಿಲ್ಲಳಿಗೆ ಹೋದ ಜೀವ ಬಂದಂತಾಯಿತು.

ಇಂಥದ್ದನ್ನೇ ಹುಡುಕುವವರ ಸಂಘವೊಂದು ಮ್ಯಾಂಚೆಸ್ಟರಿನ ಪಬ್ಬೊಂದರ ಮಹಡಿಯಲ್ಲಿ ಸೇರುತ್ತಿತ್ತು. ಏವ್ರಿಲ್ ಹೋಗಿ ಸೇರಿಕೊಂಡಳು. ಅಲ್ಲಿ ಒಬ್ಬನಿಗೆ ಬ್ರೆಡ್ಡಿಗೆ ಹಚ್ಚುವ ಜಾಮಿನ ಹಳೇ ಜಾಹೀರಾತು ಬೇಕು. ಸಂಘ ನಡೆಸುವ ನಾರಿಸ್‌ಗೆ, ಹುಡುಗನಾಗಿದ್ದಾಗ ಟಿವಿಯಲ್ಲಿ ಹವಾಮಾನ ಹೇಳುತ್ತಿದ್ದ ಹೆಂಗಸೊಬ್ಬಳ ಎರಡು ನಿಮಿಷದ ತುಣುಕು ಬೇಕು. ಹೊರಗಿನವರಿಗೆ ಇದು ಕೆಲಸವಿಲ್ಲದವರ ಕೆಲಸ. ಆದರೆ ಕಣ್ಣ ಮುಂದಿರುವ ವಸ್ತು ಇರುವಷ್ಟೇ ಇರುತ್ತದೆ, ಕಳೆದುಹೋದದ್ದು ವರ್ಷ ವರ್ಷ ಬೆಳೆಯುತ್ತದೆ. ಸಿಕ್ಕಿದ ಮೇಲೆ ಇವರು ಒಂದು ಸಲ ನೋಡಿ, ಮುಖ ಸಪ್ಪೆ ಮಾಡಿಕೊಂಡು, ಮತ್ತೊಂದನ್ನು ಹುಡುಕಲು ಹೊರಡುತ್ತಿದ್ದರು. ಈ ಹುಚ್ಚಿಗೆ ಮದ್ದಿಲ್ಲ.

ಫಿಲ್ಮಿನ ಡಬ್ಬಿ ಸಿಕ್ಕರೆ ಮೊದಲು ಮುಚ್ಚಳ ತೆಗೆದು ಮೂಸುವುದು ಇವರ ಪದ್ಧತಿ. ವಿನಿಗರ್ ವಾಸನೆ ಬಂದರೆ ಒಳಗೆ ಫಿಲ್ಮು ಕೊಳೆಯುತ್ತಿದೆ ಎಂದರ್ಥ. ಏವ್ರಿಲ್ ಭಾನುವಾರದ ಹಳೇ ಸಾಮಾನಿನ ಸಂತೆಗಳಲ್ಲಿ ಕಂಡ ಡಬ್ಬಿಯನ್ನೆಲ್ಲ ಮೂಸುತ್ತಾ ಅಲೆದಳು. "ಬಂದ್ಲು ನೋಡು ಮೂಸೋ ಅಜ್ಜಿ," ಎಂದು ಅಂಗಡಿಯವರು ಆಡಿಕೊಂಡರು.

ಅಷ್ಟರಲ್ಲಿ ಗ್ಲೆಂಡಾಗೆ ಮರೆವಿನ ರೋಗ ಬಂದು ವೃದ್ಧಾಶ್ರಮ ಸೇರಿದಳು. ಗಂಡನ ಹೆಸರು ಹೋಯಿತು, ಮಕ್ಕಳ ಮುಖ ಹೋಯಿತು. ಕತ್ತೆ ಮಾತ್ರ ಹೋಗಲಿಲ್ಲ. ನೋಡಿಕೊಳ್ಳುವ ಶಾಝಿಯಾ ಎಂಬ ಹುಡುಗಿ ದಿನಾ ಬೆಳಿಗ್ಗೆ, "ನಮ್ಮ ರಾಣೀಗೆ ಯಾರು ಮುತ್ತು ಕೊಟ್ಟಿದ್ದು?" ಎಂದು ಕೇಳುವಳು. "ಪಾಸ್ಕೋ!" ಎಂದು ಗ್ಲೆಂಡಾ ಕೆನ್ನೆ ಮುಟ್ಟಿಕೊಂಡು, ಬಾಯಿ ತೆರೆದು ಗಂಜಿ ತಿನ್ನುವಳು. ಪಕ್ಕದಲ್ಲಿ ಕೂತ ಏವ್ರಿಲ್ಲಳ ಹೊಟ್ಟೆ ಉರಿಯುತ್ತಿತ್ತು. ಎಲ್ಲ ಮರೆತಳು ಹಡಬೆ, ಸುಳ್ಳೊಂದನ್ನು ಮರೆಯಲಿಲ್ಲ!

ಆ ವಸಂತದಲ್ಲಿ ಮಾಲ್ಟಾ ದೇಶದಿಂದ ಸಂಘಕ್ಕೆ ಒಂದು ಬಿಸ್ಕತ್ತಿನ ಡಬ್ಬಿ ಬಂತು. ಅಲ್ಲಿಯ ಟಿವಿಯಲ್ಲಿ ಕೆಲಸ ಮಾಡಿದ್ದ ಮುದುಕನೊಬ್ಬ ತೀರಿಕೊಂಡ ಮೇಲೆ ಮಗಳು ಕಳಿಸಿದ್ದು. ಒಳಗೆ ಪಾಸ್ಕೋ ಆಟದ ಫಿಲ್ಮು. ವಾಸನೆಯಿಲ್ಲ, ಗೀರಿಲ್ಲ.

ಯಾರು ಹುಡುಕುತ್ತಿದ್ದರೋ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಉಳಿದವರು ಹಿಂದೆ ತುಟಿಪಿಟಕ್ಕೆನ್ನದೆ ನಿಲ್ಲುವುದು ಸಂಘದ ಕ್ರಮ. ಏವ್ರಿಲ್ ಹೊಸ ಕೋಟು ಹಾಕಿಕೊಂಡು ಕೂತಳು. ನಾರಿಸ್ ಪ್ರೊಜೆಕ್ಟರ್ ತಿರುಗಿಸಿದ. ಗೋಡೆಯ ಮೇಲೆ ಪಾಸ್ಕೋ ಕುಣಿದ, ಅರಚಿದ, ಕೊನೆಗೆ ಬಗ್ಗಿದ. ಮುತ್ತು ಕೊಟ್ಟದ್ದು ಬೇರೆ ಯಾವುದೋ ಶಾಲೆಯ, ಮುಂದಿನ ಹಲ್ಲು ಬಿದ್ದ ಒಂದು ಹುಡುಗಿಗೆ. ಪಕ್ಕದ ಮನೆಯಾಕೆ ನೋಡಿದ್ದು ಮೂಲೆಯಲ್ಲಿದ್ದ ಒಂದೇ ಬಗೆಯ ಎರಡು ಲಂಗಗಳನ್ನು, ಅಷ್ಟೇ. ಅಲ್ಲಿ ಏವ್ರಿಲ್ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಗ್ಲೆಂಡಾ ತಂಗಿಯ ಬೆನ್ನಿಗೆ ಎರಡೂ ಕೈ ಕೊಟ್ಟು, ಅವಳನ್ನು ಕತ್ತೆಯ ಕಡೆಗೆ ತಳ್ಳುತ್ತಿದ್ದಳು.

"ನಿಮ್ಮಿಬ್ರಲ್ಲಿ ಯಾರೂ ಅಲ್ವಲ್ಲ," ಅಂದ ನಾರಿಸ್ ಮೆಲ್ಲಗೆ. "ಬೇಜಾರು ಮಾಡ್ಕೋಬೇಡಿ. ಆದ್ರೆ ಅಕ್ಕ ನಿಮ್ಮನ್ನ ಮುಂದೆ ಬಿಡೋಕೆ ನೋಡ್ತಿದ್ರು, ಕಂಡ್ರಾ?"

ಏವ್ರಿಲ್ಲಳಿಗೆ ಕಂಡಿತು. ಆದರೆ ಅವಳಿಗೆ ಆಗಲೇ ಬೇರೊಂದು ಕಾರಣಕ್ಕೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಬೇಕು ಎನ್ನುತ್ತಾರಲ್ಲ, ಹಾಗೆ.

"ಅವಳಿಗೂ ಕೊಡ್ಲಿಲ್ಲ," ಅಂದಳು. "ಇದನ್ನ ನನ್ನ ಫೋನಿಗೆ ಹಾಕ್ಕೊಡು."

"ಅವ್ರಿಗೆ ತೋರಿಸ್ಬೇಡಿ ಏವ್ರಿಲ್. ಈ ಸ್ಥಿತೀಲಿ ಯಾಕೆ?"

"ಇಷ್ಟು ವರ್ಷ ನಾನು ಕೇಳಿದೀನಿ. ಇನ್ನು ಅವಳು ನೋಡ್ಲಿ."

ಮಾರನೆಯ ದಿನ ಟೀ ಹೊತ್ತಿಗೆ ಏವ್ರಿಲ್ ಆಶ್ರಮಕ್ಕೆ ಹೋಗಿ, ಅಕ್ಕನ ಕನ್ನಡಕ ತಾನೇ ಒರೆಸಿ, ಮೂಗಿಗೇರಿಸಿ, ಫೋನು ಹಿಡಿದಳು. ಗ್ಲೆಂಡಾ ಪಾಸ್ಕೋನನ್ನು ನೋಡಿ ಚಪ್ಪಾಳೆ ತಟ್ಟಿದಳು. ಕೊನೆ ಬಂತು. ಅವಳ ಕೈ ಕೆನ್ನೆಗೆ ಹೋಯಿತು.

"ಈ ಹಲ್ಲು ಹೋದ ಹುಡ್ಗಿ ಯಾರೇ?"

"ಯಾರೋ. ಕತ್ತೆ ಮುತ್ತು ಕೊಟ್ಟಿದ್ದು ಅವಳಿಗೆ. ನಿಂಗಲ್ಲ. ಮೂಲೇಲಿ ನಿಂತಿರೋದು ನೀನು."

"ಇನ್ನೊಂದ್ಸಲ ಹಾಕು."

ಏವ್ರಿಲ್ ಹಾಕಿದಳು. ಕೇಳಿದಷ್ಟು ಸಲವೂ ಹಾಕಿದಳು. ಗ್ಲೆಂಡಾ ಕೆನ್ನೆಯ ಮೇಲಿದ್ದ ಕೈಯನ್ನು ನಿಧಾನವಾಗಿ ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡಳು. ತಂಗಿ ಅಂದು ಬಸ್ಸಿನಲ್ಲಿ ಹಾಡು ಗುನುಗುತ್ತಾ ಮನೆಗೆ ಹೋದಳು.

ನಾಳೆಗೆ ಮರೆತಿರುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು. ಮರುದಿನ ಶಾಝಿಯಾ ಎಂದಿನಂತೆ ರಾಣಿಗೆ ಯಾರು ಮುತ್ತು ಕೊಟ್ಟಿದ್ದು ಎಂದು ಕೇಳಿದರೆ ಗ್ಲೆಂಡಾ ಗೋಡೆಯ ಕಡೆ ತಿರುಗಿಕೊಂಡಳು. ಅದರ ಮರುದಿನವೂ ಅಷ್ಟೇ. ಚಮಚ ತುಟಿಗೆ ತಂದರೆ ಬಾಯಿ ಬಿಗಿಯುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಮುಖದಲ್ಲಿ ಮೂಳೆ ಕಾಣಿಸಿತು.

"ಏನ್ ತೋರಿಸಿದ್ರಮ್ಮಾ ಅವತ್ತು?" ಎಂದು ಶಾಝಿಯಾ ಏವ್ರಿಲ್ಲಳನ್ನು ಬಾಗಿಲಲ್ಲೇ ತಡೆದಳು. "ಅವ್ರ ಹತ್ರ ಉಳಿದಿದ್ದೇ ಅದೊಂದು. ಅದನ್ನೂ ಕಿತ್ಕೊಂಡ್ರಾ? ಈಗ ನೀವೇ ತಿನ್ಸಿ, ನೋಡೋಣ."

ಏವ್ರಿಲ್ ಸೂಪಿನ ಬಟ್ಟಲು ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂತಳು. ಅವಳಿಗೆ ಭಯವಾಗಿತ್ತು. ಚಮಚ ತುಂಬಿ ಅಕ್ಕನ ತುಟಿಯವರೆಗೆ ತಂದಳು.

"ಅಕ್ಕಾ, ಇಲ್ನೋಡು. ಅದು ಬೇರೆ ದಿನದ್ದಂತೆ. ನಾರಿಸ್ ಹೇಳ್ದ. ನಮ್ಮ ದಿನ ಪಾಸ್ಕೋ ನಿಂಗೇ ಮುತ್ತು ಕೊಟ್ಟಿದ್ದು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡ್ದೆ. ಬಾಯಿ ತೆಗಿ."

ಗ್ಲೆಂಡಾ ತಂಗಿಯ ಮುಖ ನೋಡಿದಳು. ಅವಳಿಗೆ ಇವಳು ಯಾರೆಂದೇ ಗುರುತು ಹತ್ತಲಿಲ್ಲ.

"ಇಲ್ಲಮ್ಮಾ," ಅಂದಳು, ಅಪರಿಚಿತರಿಗೆ ಹೇಳುವ ಹಾಗೆ, ಬಹಳ ಮರ್ಯಾದೆಯಿಂದ. "ನನ್ನ ತಂಗಿ ಸುಳ್ಳು ಹೇಳಲ್ಲ. ಅವಳೇ ತೋರಿಸಿದ್ಲು."

ಚಮಚಕ್ಕೆ ಮತ್ತೆ ಬಾಯಿ ಮುಚ್ಚಿಕೊಂಡಳು.