ಬಲವಂತ ಮಾಡುವವರಿಲ್ಲದ ಊರು

ಮೂರು ವರ್ಷ ನಾನು ಪ್ರತಿ ತಿಂಗಳ ಕೊನೆಯ ಶುಕ್ರವಾರ ಕೂತು ಸುಳ್ಳು ಬರೆಯುತ್ತಿದ್ದೆ. ಅದಕ್ಕೆ ಪ್ರಾರ್ಥನಾ ಪತ್ರ ಎಂದು ಹೆಸರು. ಹೊರದೇಶಕ್ಕೆ ಸೇವೆಗೆ ಹೋದವರು ತಮ್ಮನ್ನು ಕಳಿಸಿಕೊಟ್ಟ ಸಭೆಗಳಿಗೆ, ಎಂದರೆ ಚರ್ಚುಗಳಿಗೆ, ತಿಂಗಳಿಗೊಂದು ಬರೆಯಲೇಬೇಕು. ಕೆಲಸ ಹೇಗೆ ನಡೆಯುತ್ತಿದೆ, ಯಾವುದಕ್ಕಾಗಿ ಪ್ರಾರ್ಥನೆ ಮಾಡಬೇಕು ಎಂದೆಲ್ಲ ತಿಳಿಸಬೇಕು. ನಾನು ಟಾಂಜಾನಿಯಾದ ದಕ್ಷಿಣದ ಬೆಟ್ಟಗಳ ನಡುವಿನ ಸಣ್ಣ ಊರೊಂದರಿಂದ ಅದನ್ನು ವಾಟ್ಸಾಪ್‌ನಲ್ಲಿ ಹಾಸನದ ನಮ್ಮ ಪಾಸ್ಟರಿಗೆ ಕಳಿಸುತ್ತಿದ್ದೆ. ಅವರು ಭಾನುವಾರ ಆರಾಧನೆ ಮುಗಿದ ಮೇಲೆ ಗಟ್ಟಿಯಾಗಿ ಓದಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪುಟ್ಟ ಸಭೆಗಳಿಗೂ ಮುಂದಕ್ಕೆ ಕಳಿಸುತ್ತಿದ್ದರು. ‘ಕರ್ತನ ಕೃಪೆಯಿಂದ ಎಲ್ಲವೂ ಕ್ಷೇಮ. ಇಲ್ಲಿಯ ಜನ ನನ್ನನ್ನು ಮನೆಮಗನಂತೆ ನೋಡಿಕೊಳ್ಳುತ್ತಿದ್ದಾರೆ’ ಎಂದು ಶುರುಮಾಡುತ್ತಿದ್ದೆ. ನಾಲ್ಕೂ ಊರಿನವರು ಕೇಳಿ ಸ್ತೋತ್ರ ಹೇಳುತ್ತಿದ್ದರಂತೆ.

ನಿಜ ಏನೆಂದರೆ, ಆ ಊರಿನಲ್ಲಿ ಒಬ್ಬರ ಮನೆಯ ಅಡುಗೆಯ ರುಚಿಯೂ ನನಗೆ ಗೊತ್ತಿರಲಿಲ್ಲ.

ಹೋದಾಗ ನನಗೆ ಇಪ್ಪತ್ತೈದು. ಲ್ಯಾಬ್ ಟೆಕ್ನೀಷಿಯನ್ ಓದಿದ್ದೆ. ಮಿಷನ್ ಆಸ್ಪತ್ರೆ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ತಗಡಿನ ಮಾಡು, ನಾಲ್ಕು ಕೋಣೆ, ಇಬ್ಬರು ನರ್ಸುಗಳು, ವಾರಕ್ಕೆರಡು ದಿನ ಬರುವ ಡಾಕ್ಟರು. ಬೆಳಗ್ಗೆ ಐದೂವರೆಗೆ ಏಳುವುದು, ಬೈಬಲ್ ಓದುವುದು, ಕೊಳಾಯಿಯಿಂದ ಎರಡು ಬಕೆಟ್ ನೀರು ತರುವುದು, ಏಳೂವರೆಗೆಲ್ಲ ಕೆಮ್ಮಣ್ಣಿನ ದಾರಿಯಲ್ಲಿ ನಡೆದು ಆಸ್ಪತ್ರೆ ಸೇರುವುದು. ದಾರಿಯಲ್ಲಿ ಸಿಕ್ಕವರೆಲ್ಲ ಮನೆಯ ಸಮಾಚಾರ, ನಿದ್ದೆಯ ಸಮಾಚಾರ, ಕೆಲಸದ ಸಮಾಚಾರ ಒಂದೊಂದಾಗಿ ಕೇಳುತ್ತಾರೆ. ಅದು ಮುಗಿಯುವಷ್ಟರಲ್ಲಿ ಹಾಸನದ ಬಸ್‌ಸ್ಟ್ಯಾಂಡಿನಲ್ಲಾದರೆ ಒಂದು ಜಗಳ ಶುರುವಾಗಿ ರಾಜಿಯೂ ಆಗಿರುತ್ತದೆ. ಆಮೇಲೆ ಸಂಜೆಯವರೆಗೆ ಕಫ, ರಕ್ತ, ಮೂತ್ರ. ಕರೆಂಟು ಹೋದರೆ ಸೂಕ್ಷ್ಮದರ್ಶಕವನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಬಿಸಿಲಲ್ಲಿ ನೋಡುವುದು. ಜನ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಸುಮ್ಮನಾದೆ. ಶನಿವಾರ ಮಕ್ಕಳಿಗೆ ಹಾಡು ಕಲಿಸುತ್ತಿದ್ದೆ. ಭಾನುವಾರ ಆರಾಧನೆ.

ಕೆಲಸದ ಹೊತ್ತು ಹೇಗೋ ಕಳೆಯುತ್ತಿತ್ತು. ಕಷ್ಟವಾಗುತ್ತಿದ್ದುದು ಸಂಜೆ ಐದರ ಮೇಲೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಎನ್ನುವುದು ಮೂರು ವರ್ಷವಾದರೂ ನನಗೆ ತಿಳಿಯಲಿಲ್ಲ. ಒಂದೋ ಮಿಕ್ಕುತ್ತಿತ್ತು, ಇಲ್ಲ ಸಾಲುತ್ತಿರಲಿಲ್ಲ. ಕುಕ್ಕರು ಮೂರನೇ ಸಲ ಕೂಗಿದರೆ ‘ಸಾಕು ಬಿಡಪ್ಪಾ, ಕೇಳಿಸ್ತು’ ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸವಾಗಿಬಿಟ್ಟಿತು. ಇಡೀ ದಿನದಲ್ಲಿ ನಾನು ಕನ್ನಡ ಮಾತಾಡುತ್ತಿದ್ದುದು ಆ ಕುಕ್ಕರಿನ ಜೊತೆ ಮಾತ್ರ.

ನನ್ನ ಮನೆಯ ಎದುರಿಗೆ ಗಾರೆ ಕೆಲಸದ ಮೇಸ್ತ್ರಿಯೊಬ್ಬನ ಸಂಸಾರವಿತ್ತು. ಗಂಡ, ಹೆಂಡತಿ, ಮೂರು ಮಕ್ಕಳು. ಬಿಸಿಲಿಳಿದ ಮೇಲೆ ಬೆಣ್ಣೆಹಣ್ಣಿನ ಮರದ ಕೆಳಗೆ ಚಾಪೆ ಹಾಸಿ, ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ದಂಟಿನ ಸೊಪ್ಪು, ಕಾಳು ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರು. ಬೆಳ್ಳಗಿರುವುದು ಬಿಟ್ಟರೆ ಅದು ನಮ್ಮ ಮುದ್ದೆಯೇ. ನಾನು ಹೋದ ಮೊದಲ ವಾರವೇ ಮೇಸ್ತ್ರಿಯ ಹೆಂಡತಿ ‘ಬನ್ನಿ, ಊಟ ಮಾಡಿ’ ಎಂದು ಕರೆದಳು. ‘ಥ್ಯಾಂಕ್ಸ್, ಹೊಟ್ಟೆ ತುಂಬಿದೆ’ ಎಂದೆ. ಆಕೆ ತಲೆಯಾಡಿಸಿ ತಟ್ಟೆಯ ಕಡೆ ತಿರುಗಿದಳು. ಅಷ್ಟೇ. ಬಾಯಿಮಾತಿಗೆ ಕರೆದದ್ದು ಅಂದುಕೊಂಡು ಒಳಗೆ ಬಂದು ಅಕ್ಕಿ ತೊಳೆದೆ. ಮಾರನೆಯ ದಿನವೂ ಹಾಗೇ ಆಯಿತು, ಆ ವಾರವೆಲ್ಲ ಹಾಗೇ ಆಯಿತು. ಮೂರು ತಿಂಗಳಾಗುವ ಹೊತ್ತಿಗೆ ಕರೆಯುವುದು ನಿಂತೇಹೋಯಿತು. ಆಸ್ಪತ್ರೆಯಲ್ಲೂ ನರ್ಸುಗಳು ಗೆಣಸು ಬೇಯಿಸಿ ತಂದು ಹಂಚಿಕೊಳ್ಳುವಾಗ ಮೊದಮೊದಲು ನನ್ನ ಕಡೆ ಚಾಚುತ್ತಿದ್ದವರು ಬರಬರುತ್ತ ಬಿಟ್ಟುಬಿಟ್ಟರು. ಎಂಥ ಬಿಗಿ ಮನಸ್ಸಿನ ಜನ ಎಂದು ನನಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಅಳು ಇತ್ತು, ಅದನ್ನು ಒಪ್ಪಿಕೊಳ್ಳಲು ನಾನು ತಯಾರಿರಲಿಲ್ಲ. ಸಂಜೆ ಅವರು ಚಾಪೆ ಕೊಡವುವ ಸದ್ದು ಕೇಳಿದರೆ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದೆ.

ಮೂರು ವರ್ಷದ ಅವಧಿ ಮುಗಿದು ರಜೆಯ ಮೇಲೆ ಊರಿಗೆ ಬಂದೆ. ರಜೆ ಎಂದರೆ ಸುಮ್ಮನೆ ಇರುವುದಲ್ಲ. ನಾಲ್ಕೂ ಸಭೆಗಳಿಗೆ ಹೋಗಿ, ದೇವರು ನನ್ನನ್ನು ಅಲ್ಲಿ ನಡೆಸಿದ ಬಗೆಗೆ ಸಾಕ್ಷಿ ಹೇಳಬೇಕು, ಕೊನೆಯ ಭಾನುವಾರ ಚನ್ನರಾಯಪಟ್ಟಣದಲ್ಲಿ ಹಿರಿಯರೆಲ್ಲ ಸೇರಿದಾಗ, ಇನ್ನು ಮೂರು ವರ್ಷಕ್ಕೆ ಹೋಗುತ್ತೇನೋ ಇಲ್ಲವೋ ಎಂದು ಉತ್ತರ ಕೊಡಬೇಕು. ಹೋಗುವುದಿಲ್ಲ ಎಂದು ವಿಮಾನ ಹತ್ತುವ ಮೊದಲೇ ತೀರ್ಮಾನ ಮಾಡಿದ್ದೆ. ಅಮ್ಮನಿಗೂ ಹೇಳಿರಲಿಲ್ಲ. ಮನೆಮಗನಂತೆ ನೋಡಿಕೊಳ್ಳುತ್ತಾರೆ ಎಂದು ಅಷ್ಟೊಂದು ಪತ್ರ ಬರೆದವನು ಈಗ ಯಾವ ಮುಖ ಇಟ್ಟುಕೊಂಡು ಹೇಳುವುದು?

ವಿಚಿತ್ರವೆಂದರೆ ಹಾಸನದಲ್ಲೂ ನಾನು ಒಂಟಿಯೇ ಆದೆ. ಜೊತೆಗೆ ಓದಿದವರು ದೇವರ ಸೇವಕನೆಂದು ನನ್ನೆದುರು ಬೈಗುಳ ನುಂಗಿಕೊಂಡು ಮಾತಾಡುತ್ತಿದ್ದರು. ದುದ್ದದಲ್ಲಿರುವ ಅಕ್ಕ ಡೈರಿಗೆ ಹಾಲು ಹಾಕಿ ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾನು ನೆಲದ ಮೇಲೆ ಕೂತಳು. ಎಳೆಯವನಿದ್ದಾಗ ಅದೇ ಅಕ್ಕ ನನ್ನ ತಲೆಗೆ ಮೊಟಕುತ್ತಿದ್ದಳು. ಭಾವ ಮಾತ್ರ ‘ಮುಂದಿನ್ ಸಲ ಬೂವನಹಳ್ಳಿಗೇ ಬಂದು ಇಳ್ಕೊ, ಏರ್‌ಪೋರ್ಟ್ ಆಗಿರ್ತದೆ’ ಎಂದು ತಮಾಷೆ ಮಾಡಿದರು. ಮುಂದಿನ ಸಲವೇ ಇಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹೊಳೆನರಸೀಪುರದಲ್ಲಿ ಒಂದು ಮನೆಯ ಹಜಾರದಲ್ಲಿ ಪ್ರಾರ್ಥನಾ ಕೂಟ. ಹತ್ತಿಪ್ಪತ್ತು ಜನ. ಸಿಂಹ ನೋಡಿದೆಯಾ ಎಂದು ಕೇಳಿದರು. ಇಲ್ಲವೆಂದರೆ ಬೇಜಾರು ಮಾಡಿಕೊಂಡಾರು ಎಂದು ದೂರದಿಂದ ನೋಡಿದೆ ಎಂದೆ. ಅದೂ ಸುಳ್ಳು.

ಅರಕಲಗೂಡಿಗೆ ಹೋದದ್ದು ಒಂದು ಗುರುವಾರ. ಅಲ್ಲಿ ನಮ್ಮವರ ಮನೆ ಬೆರಳೆಣಿಕೆಯಷ್ಟು. ಕೂಟ ಮುಗಿದ ಮೇಲೆ ಮಧ್ಯಾಹ್ನದ ಊಟ ಒಬ್ಬ ಹೆಂಗಸಿನ ಮನೆಯಲ್ಲಿ ಎಂದು ಗೊತ್ತುಮಾಡಿದ್ದರು. ಆಕೆ ಮಲ್ಲಿಪಟ್ಟಣದ ಕಡೆಯವರು, ಹುಡುಗರ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವರು. ಮೊದಲ ಸಲ ನೋಡುತ್ತಿದ್ದೆ. ನೆಲದ ಮೇಲೆ ತಟ್ಟೆ ಇಟ್ಟರು. ಬಿಸಿ ಮುದ್ದೆ, ಬಸ್ಸಾರು.

‘ಬೇಡ ಕಣಮ್ಮ, ಕೂಟದಲ್ಲೇ ತಿಂಡಿ ಆಯ್ತು, ಹೊಟ್ಟೆ ತುಂಬಿದೆ’ ಎಂದೆ.

ಆಕೆ ಕೇಳಿಸದವರಂತೆ ಒಂದು ಮುದ್ದೆ ಇಕ್ಕಿದರು. ಇನ್ನೊಂದು ತಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಕೈ ಸರಿಸಿ ಅದನ್ನೂ ಇಕ್ಕಿದರು. ನಾನು ಅಯ್ಯೋ, ಬೇಡ ಎನ್ನುತ್ತಲೇ ಎರಡನ್ನೂ ಮುಗಿಸಿ ಸಾರನ್ನು ಬೆರಳಲ್ಲಿ ಬಳಿದೆ. ಆಕೆ ಎದುರಿಗೆ ಗೋಡೆಗೊರಗಿ ಕೂತು ನೋಡುತ್ತಿದ್ದರು.

‘ನಿನ್ ಕಾಗ್ದ ಎಲ್ಲಾನೂ ಕೇಳಿವ್ನಿ ಕಣಪ್ಪ’ ಎಂದರು. ‘ಮಳೆ ಬಂದಿದ್ದು ಬರ್ದೆ, ಕರೆಂಟ್ ಓಗಿದ್ದು ಬರ್ದೆ, ಮಕ್ಳು ಪದ ಯೋಳಿದ್ದು ಬರ್ದೆ. ಯಾರ್ ಜತೆ ಕೂತ್ಕಂಡು ಉಂಡೆ ಅಂತ ಒಂದ್ ಕಾಗ್ದದಲ್ಲೂ ಬರೀಲಿಲ್ಲ.’

ನಾನು ಖಾಲಿ ತಟ್ಟೆಯನ್ನೇ ಇನ್ನೊಮ್ಮೆ ಬಳಿದೆ.

‘ಆಸ್ಟೆಲ್‌ನಲ್ಲಿ ಮೂವತ್ತು ವರ್ಸ ಇಕ್ಕಿವ್ನಿ. ಒಂಟಿಯಾಗಿ ಉಣ್ಣೋನು ಯಾವನು ಅಂತ ಬೆನ್ನು ನೋಡುದ್ರೆ ಗೊತ್ತಾಯ್ತದೆ. ಈಗ ಬ್ಯಾಡ ಬ್ಯಾಡ ಅಂತಲೇ ಎಲ್ಡು ಮುದ್ದೆ ಉಂಡೆ. ಅಲ್ಲೂ ಇಂಗೇ ಅಂತಿದ್ದೇನ್ಲಾ?’

‘ಅಲ್ಲಿ ಯಾರೂ ಎರಡ್ನೇ ಸಲ ಕರಿಯಲ್ಲ ಕಣಮ್ಮ.’ ನನ್ನ ದನಿಯಲ್ಲಿ ದೂರು ಇತ್ತು.

‘ಬ್ಯಾಡ ಅಂದೋನ್ನ ಯಾಕ್ ಕರೀಬೇಕು? ನಿನ್ ಮಾತ್ನ ನಂಬವ್ರೆ, ಪಾಪ’ ಎಂದು ಎದ್ದು ಮಜ್ಜಿಗೆ ತರಲು ಒಳಗೆ ಹೋದರು.

ಹಾಸನಕ್ಕೆ ವಾಪಸು ಬರುವ ಬಸ್ಸಿನಲ್ಲಿ ಮೊದಲು ನನಗೆ ಆಕೆಯ ಮೇಲೆ ಕೆಂಡದಂಥ ಕೋಪ. ಹಾಸ್ಟೆಲಿನ ಅಡುಗೆಯಾಕೆಗೆ ಸೇವೆಯ ಕಷ್ಟ ಏನು ಗೊತ್ತು ಎಂದುಕೊಂಡೆ. ಆದರೆ ಕೋಪ ಅರ್ಧ ದಾರಿಯಲ್ಲೇ ಕೈಕೊಟ್ಟಿತು. ನಮ್ಮ ಕಡೆ ಕರೆದ ತಕ್ಷಣ ಹೋಗಿ ಕೂತರೆ ಊಟಕ್ಕೆ ಗತಿಯಿಲ್ಲದವನು ಎಂದಾರು ಎಂಬ ಅಂಜಿಕೆ. ಎರಡು ಸಲ ಬೇಡ ಅನ್ನಬೇಕು, ಅವರು ಕೈ ಹಿಡಿದು ಎಳೆಯಬೇಕು, ಆಣೆ ಇಡಬೇಕು, ಆಮೇಲೆ ನಾವು ಅವರ ಮೇಲೆ ಉಪಕಾರ ಮಾಡುವವರಂತೆ ಕೂರಬೇಕು. ಈ ಆಟ ಆಡಲು ಇಬ್ಬರು ಬೇಕು. ಅಲ್ಲಿ ನಾನೊಬ್ಬನೇ ಆಡುತ್ತಿದ್ದೆ. ಅವರ ಪಾಲಿಗೆ ‘ಬನ್ನಿ’ ಎಂದರೆ ಬನ್ನಿ, ‘ಬೇಡ’ ಎಂದರೆ ಬೇಡ. ಹಸಿದ ಹೊಟ್ಟೆಯಲ್ಲಿ ನಿಂತು ಹೊಟ್ಟೆ ತುಂಬಿದೆ ಎಂದವನು ನಾನು, ದೇವರ ಸತ್ಯ ಹೇಳಲು ಹೋದವನು.

ಒಂದು ಸಂಜೆಯೂ ನೆನಪಾಯಿತು. ಮೊದಲ ವರ್ಷವೇ ಇರಬೇಕು. ಮೇಸ್ತ್ರಿಯ ಚಿಕ್ಕ ಮಗಳು, ಆಗ ನಾಲ್ಕೋ ಐದೋ ವಯಸ್ಸು, ಬಟ್ಟೆ ಮುಚ್ಚಿದ ಬಟ್ಟಲು ಹಿಡಿದು ನನ್ನ ಬಾಗಿಲಿಗೆ ಬಂದಿದ್ದಳು. ‘ನನ್ನದಾಯಿತು ಪುಟ್ಟಾ, ಅಮ್ಮನಿಗೆ ಕೊಡು’ ಎಂದಿದ್ದೆ. ಹಾಸನದ ಮಗುವಾಗಿದ್ದರೆ ಬಟ್ಟಲನ್ನು ಅಲ್ಲೇ ಇಟ್ಟು ಓಡುತ್ತಿತ್ತು. ಆ ಮಗು ನನ್ನ ಮುಖ ನೋಡಿತು, ಬಟ್ಟಲು ನೋಡಿತು, ಚೆಲ್ಲದಂತೆ ಹುಷಾರಾಗಿ ವಾಪಸು ತೆಗೆದುಕೊಂಡು ಹೋಯಿತು.

ಚನ್ನರಾಯಪಟ್ಟಣದ ಭಾನುವಾರ ಬಂತು. ಹೋಗುವುದಿಲ್ಲ ಎಂದು ಹೇಳಲು ನಾನು ಬರೆದಿಟ್ಟುಕೊಂಡಿದ್ದ ಹಾಳೆ ಜೇಬಿನಲ್ಲಿತ್ತು. ಆರೋಗ್ಯದ ಕಾರಣ ಹಾಕಿದ್ದೆ. ಎದ್ದು ನಿಂತಾಗ ಅದನ್ನು ತೆಗೆಯಲಿಲ್ಲ. ಪತ್ರಗಳಲ್ಲಿ ಬರೆದದ್ದು ನಿಜವಲ್ಲ, ನಾನು ಅಲ್ಲಿ ತುಂಬ ಒಂಟಿಯಾಗಿದ್ದೆ, ತಪ್ಪು ಅವರದಲ್ಲ, ಕರೆದಾಗ ಒಂದು ದಿನವೂ ನಾನು ಹೋಗಿ ಕೂರಲಿಲ್ಲ ಎಂದೆ. ಕಳಿಸುವುದಾದರೆ ಇನ್ನೊಮ್ಮೆ ಹೋಗುತ್ತೇನೆ ಎಂದೆ. ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಒಪ್ಪಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಎದೆ ಹಗುರಾಯಿತು. ಎಲ್ಲ ಸರಿಹೋಯಿತು ಎಂದೇ ನಂಬಿದೆ. ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಅದೇ ಹುರುಪಿನಲ್ಲಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮೇಸ್ತ್ರಿಯ ಫೋನಿಗೆ ಒಂದು ಧ್ವನಿ ಸಂದೇಶ ಕಳಿಸಿದೆ. ವಾಪಸು ಬರುತ್ತಿದ್ದೇನೆ, ಬಂದ ದಿನವೇ ನಿಮ್ಮ ಚಾಪೆಯ ಮೇಲೆ ಕೂತು ನಿಮ್ಮ ಜೊತೆ ಉಣ್ಣುತ್ತೇನೆ, ಇಷ್ಟು ದಿನ ಬರದಿದ್ದುದಕ್ಕೆ ಕ್ಷಮಿಸಿ ಎಂದು ಅವರ ಸ್ವಾಹಿಲಿಯಲ್ಲಿ ಹೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಹೆಂಡತಿಯ ದನಿ. ಹಿಂದೆ ಕೋಳಿಗಳ ಸದ್ದು. ಆಕೆ ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ.

‘ಬನ್ನಿ, ಸಂತೋಷ. ಒಂದು ಮಾತು ಹೇಳಬೇಕು. ನಮ್ಮಂಥವರ ಕೈಯಲ್ಲಿ ಡಾಕ್ಟರ ದೇಶದವರು ಉಣ್ಣುವುದಿಲ್ಲ, ಕರೆದು ಅವರಿಗೆ ಮುಜುಗರ ಮಾಡಬೇಡಿ ಎಂದು ಮಕ್ಕಳಿಗೆ ನಾನೇ ಹೇಳಿಬಿಟ್ಟಿದ್ದೆ. ದೊಡ್ಡವರು ಸುಮ್ಮನಾದರು. ಚಿಕ್ಕವಳು ಮಾತ್ರ, ನಮ್ಮ ಕೈಗೆ ಏನಾಗಿದೆ ಅಂತ ಕೇಳಿದಳು. ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ. ನನಗೆ ಹೇಳಲು ಗೊತ್ತಾಗಲಿಲ್ಲ. ನೀವೇ ಬಂದು ಹೇಳಿ.’

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮ ತಾತ ಪೇಟೆಗೆ ಹೋದರೆ ಹೋಟೆಲಿನ ಹೊರಗೆ ನಿಂತು ಕಾಫಿ ಕುಡಿದವರು. ಅವರ ಜಾತಿಯವರಿಗೆಂದು ಬೇರೆ ಲೋಟ ಇರುತ್ತಿತ್ತು. ಕುಡಿದು, ತಾವೇ ತೊಳೆದು, ಕವುಚಿ ಹಾಕಿ ಬರಬೇಕಿತ್ತು. ಹೊರದೇಶದ ಪಾದ್ರಿಯೊಬ್ಬರು ಒಂದು ದಿನ ಅವರ ಗುಡಿಸಲಿಗೆ ಬಂದು, ನೆಲದ ಮೇಲೆ ಕೂತು, ಅಜ್ಜಿ ಇಕ್ಕಿದ್ದನ್ನು ಉಂಡು ಹೋದರಂತೆ. ಪಾದ್ರಿಯ ಬೋಧನೆ ತಾತನಿಗೆ ಅರ್ಥವೇ ಆಗಿರಲಿಲ್ಲವಂತೆ. ಉಂಡದ್ದು ಅರ್ಥವಾಗಿತ್ತು. ನಾವು ಕ್ರೈಸ್ತರಾದದ್ದು ಹಾಗೆ. ಅಂಥ ಮನೆಯ ಮೊಮ್ಮಗ ನಾನು, ಮಗುವೊಂದು ತಂದ ಬಟ್ಟಲನ್ನು ಬಾಗಿಲಲ್ಲೇ ವಾಪಸು ಕಳಿಸಿದವನು. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನರ ನಡುವೆ ನನಗೆ ಕಣ್ಣೀರು ಬಂತು, ನಾಚಿಕೆಯ ಕಣ್ಣೀರು.

ಆ ಸಂದೇಶವನ್ನು ಇನ್ನೊಮ್ಮೆ ಕೇಳಿದೆ. ಹಾಸನದ ಬಸ್ಸು ಬಂತು, ಹತ್ತಿದೆ.

ಮುಂದಿನ ತಿಂಗಳು ಹೊರಡುತ್ತೇನೆ. ನಿನ್ನ ಕೈಗೆ ಏನೂ ಆಗಿಲ್ಲ ಪುಟ್ಟಾ ಎಂದು ಹೇಳುವಷ್ಟು ಸ್ವಾಹಿಲಿ ನನಗೆ ಚೆನ್ನಾಗಿಯೇ ಬರುತ್ತದೆ. ಅವಳು ನನ್ನ ಮಾತನ್ನು ಇನ್ನೊಮ್ಮೆ ನಂಬಬೇಕಲ್ಲ.