ಪಾಲಿಶ್ ಹಚ್ಚಿದ ಕಾರಿನಲ್ಲಿ ಗಂಡು ನೋಡಲು ಹೋದದ್ದು

ಚಳ್ಳಕೆರೆಯಲ್ಲಿ ಎಣ್ಣೆ ಅಂಗಡಿ ಇಟ್ಟಿದ್ದ ನಮ್ಮ ಚಿಕ್ಕಪ್ಪ ತೊಂಬತ್ತರ ದಶಕದ ಕೊನೆಗೆ ಒಂದು ಹಳೆಯ ಕೆಂಪು ಕಾರು ಕೊಂಡ. ಜೊತೆಗೆ ಬಳ್ಳಾರಿಯಿಂದ ಪಾಲಿಶ್ ಡಬ್ಬಿಯೊಂದನ್ನು ತಂದ. ಬಣ್ಣವನ್ನೂ ಕಾಪಾಡುತ್ತದೆ, ಗಾಜನ್ನೂ ಶುಚಿ ಮಾಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತಂತೆ. ಉಂಡ ತಟ್ಟೆಯನ್ನು ಎತ್ತಿಡದ ಮನುಷ್ಯ ದಿನಾ ಬೆಳಗ್ಗೆ ಹಳೇ ಬನಿಯನ್ ಹಿಡಿದು ಕಾರು ಉಜ್ಜಲು ಕೂತ. ಮಧ್ಯಾಹ್ನದೊಳಗೆ ನಮ್ಮೂರ ಗಾಳಿ ಅದರ ಮೇಲೆ ಧೂಳು ಹೊದಿಸುತ್ತಿತ್ತು. ಚಿಕ್ಕಪ್ಪ ಗಾಳಿಯನ್ನು ಬೈಯುತ್ತಿದ್ದ.

ಆ ವರ್ಷವೇ ಅವನ ಮಗಳಿಗೆ, ಅಂದರೆ ನಮ್ಮ ಅಕ್ಕನಿಗೆ, ಮೊಳಕಾಲ್ಮೂರಿನಿಂದ ಸಂಬಂಧ ಬಂತು. ರೇಷ್ಮೆ ಸೀರೆ ವ್ಯಾಪಾರದ ಮನೆ. ಗಂಡಿನ ಮನೆ ನೋಡಿ ಬರಲು ಚಿಕ್ಕಪ್ಪ, ಚಿಕ್ಕಮ್ಮ ಹೊರಟರು. ಕಾಲೇಜಿಗೆ ರಜೆಯಿದ್ದ ನನ್ನನ್ನೂ ಚಿಕ್ಕಮ್ಮ ಕರೆದುಕೊಂಡಳು. ಬೀಗರ ಮುಂದೆ ಮಿಂಚಲೆಂದು ಚಿಕ್ಕಪ್ಪ ಹಿಂದಿನ ದಿನ ಮುಂದಿನ ಗಾಜಿಗೂ ಧಾರಾಳವಾಗಿ ಪಾಲಿಶ್ ಬಳಿದಿದ್ದ.

ತಳಕು ದಾಟುವಾಗ ಬಿಸಿಲು ನೇರ ಗಾಜಿಗೆ ಬಿತ್ತು. ಇಡೀ ಗಾಜು ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ರಸ್ತೆಯೇ ಕಾಣದು.

"ನಿಲ್ಸಿ ಒರೆಸ್ರಿ," ಎಂದಳು ಚಿಕ್ಕಮ್ಮ.

"ಒರೆಸಿದ್ರೆ ಹೊಳಪು ಹೋಗ್ತೈತೆ," ಎಂದು ಚಿಕ್ಕಪ್ಪ ಕಿಟಕಿಯಿಂದ ತಲೆ ಹೊರಹಾಕಿ ಓಡಿಸಿದ. ಬಿ.ಜಿ. ಕೆರೆಯ ಹತ್ತಿರ ಕುರಿ ಮಂದೆಯೊಂದು ಅಡ್ಡ ಬಂದು, ಕಾರು ಗಕ್ಕನೆ ನಿಂತಿತು.

"ಕಣ್ ಕಾಣಾಕಿಲ್ವೇನ್ರೀ?" ಎಂದು ಕುರಿ ಕಾಯುವವನು ಗದರಿದ.

"ಹೊಸಾ ಪಾಲಿಶ್ ಕಣಪ್ಪಾ," ಎಂದ ಚಿಕ್ಕಪ್ಪ. ಕುರಿಯವನು ನಮ್ಮನ್ನು ಮರುಕದಿಂದ ನೋಡಿದ.

ಮೊಳಕಾಲ್ಮೂರು ತಲುಪುವ ಹೊತ್ತಿಗೆ ಕಾರಿಗಿಂತ ಚಿಕ್ಕಪ್ಪನ ಮುಖ ಕೆಂಪಗಿತ್ತು, ಧೂಳಿನಿಂದ. ಅವನು ಮೊದಲು ಕಾರು ಒರೆಸಿದ, ಆಮೇಲೆ ಮುಖ. ಅದೇ ಬಟ್ಟೆಯಲ್ಲಿ.

ಗಂಡಿನ ಅಜ್ಜಿ ಅಂಗಳಕ್ಕೆ ಬಂದಳು. "ಬಾಳ ಚೆನ್ನಾಗೈತೆ ನಾಯನಾ, ದೃಷ್ಟಿಯಾದೀತು," ಎಂದು ಒಳಗಿನಿಂದ ಕುಂಕುಮ ತರಿಸಿ, ನೀರಲ್ಲಿ ಕಲಸಿ, ಬಾನೆಟ್ಟಿನ ಮೇಲೆ ದೊಡ್ಡದೊಂದು ಬೊಟ್ಟಿಟ್ಟಳು.

"ಅಯ್ಯೋ, ಪಾಲಿಶ್ ಕೆಡ್ತೈತವ್ವಾ!" ಚಿಕ್ಕಪ್ಪ ಹಾರಿಬಂದು ಅದನ್ನು ಉಜ್ಜಿ ಉಜ್ಜಿ ಒರೆಸಿದ. ಚಿಕ್ಕಮ್ಮ ಅವನ ತೋಳು ಹಿಡಿಯುವಷ್ಟರಲ್ಲಿ ಬಾನೆಟ್ಟು ಕನ್ನಡಿಯಾಗಿತ್ತು.

ಅಜ್ಜಿ ತನ್ನ ಬೆರಳಿನ ಕುಂಕುಮ ನೋಡಿಕೊಂಡು, "ಹೆಣ್ಣಿನ ತಂದೆ ಕುಂಕುಮ ಒರೆಸ್ತಾನಾ?" ಎಂದಷ್ಟೇ ಹೇಳಿ ಒಳಗೆ ಹೋದಳು. ನಮಗೆ ಕೇಸರಿಬಾತು ಬಂತು, ಕಾಫಿ ಬಂತು. ಮಾತೆಲ್ಲ ಮಳೆಯ ಮೇಲೆ ನಡೆಯಿತು. ಮಳೆ ಆ ವರ್ಷ ಬಂದಿರಲೇ ಇಲ್ಲ.

ಸ್ವಲ್ಪ ದಿನಕ್ಕೆ, ಈ ಸಂಬಂಧ ಬೇಡವಂತೆ ಎಂದು ದಲ್ಲಾಳಿ ಬಂದು ತಿಳಿಸಿದ.

"ಒಂದ್ ಬೊಟ್ಟಿಗೆ ಯಾರಾದ್ರೂ ಸಂಬಂಧ ಬಿಡ್ತಾರಾ? ಮೂಢರು!" ಎಂದು ಚಿಕ್ಕಪ್ಪ ಕೂಗಾಡಿದ.

"ಒಂದ್ ಬೊಟ್ಟಿಗೆ ಬಿಟ್ಟೋರು ಅವ್ರಲ್ರಿ, ನೀವು," ಎಂದಳು ಚಿಕ್ಕಮ್ಮ.

ಅಕ್ಕನಿಗೆ ಹುಡುಗನ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಆದರೂ ಅಪ್ಪನೊಂದಿಗೆ ಬಹಳ ದಿನ ಮಾತು ಬಿಟ್ಟಿದ್ದಳು. ಮರುವರ್ಷ ತಳಕಿನಲ್ಲಿ ಒಬ್ಬ ಮೇಷ್ಟರ ಸಂಬಂಧ ಕೂಡಿಬಂತು. ಮನೆ ನೋಡಲು ಚಿಕ್ಕಮ್ಮ, ನಾನು ಬಸ್ಸಿಗೆ ಹೊರಟೆವು. ಚಿಕ್ಕಪ್ಪ ಕಾರಿನ ಬೀಗದ ಕೈ ಹಿಡಿದು ಹಿಂದೆಯೇ ಬಂದ.

"ನೀವು ಧಾರೆ ಎರೆಯೋಕೆ ಬರ್ರಿ, ಸಾಕು," ಎಂದು ಚಿಕ್ಕಮ್ಮ ಬಸ್ಸು ಹತ್ತಿದಳು.