ನಿದ್ದೆ ತೋರಿಸದ ಕೈಪಟ್ಟಿ

"ನೀವು ಸ್ವಲ್ಪ ಮಲಗ್ರಿ, ನಾನು ಎಚ್ಚರ ಇರ್ತೀನಿ." ಶಿಕಾರಿಪುರದ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ನನ್ನ ಹೆಂಡತಿ ಕಡೆಯದಾಗಿ ಆಡಿದ ಮಾತು ಇದು. ನಾನು ಮಲಗಿದೆ. ಎದ್ದು ನೋಡಿದರೆ ಅವಳ ಉಸಿರು ನಿಂತಿತ್ತು. ಆಮೇಲೆ ನನಗೆ ಕಣ್ಣು ಮುಚ್ಚಲು ಹೆದರಿಕೆ.

ನಾಲ್ಕು ತಿಂಗಳಾದ ಮೇಲೆ ನಮ್ಮ ತೊಗರ್ಸಿಗೆ ಹೊಸ ಕಂಪನಿಯೊಂದರ ಹುಡುಗಿ ಬಂದಳು. ನಡಿಗೆ, ನಿದ್ದೆ ಅಳೆಯುವ ಕೈಪಟ್ಟಿ ಮಾಡುತ್ತಾರಂತೆ. ಕುರಿ ಕಾಯುವವರು ಬಹಳ ನಡೆಯುತ್ತಾರೆಂದು ಪರೀಕ್ಷೆಗೆ ನನಗೂ ಒಂದು ಕಟ್ಟಿದಳು. ತಾಮ್ರದ ಬಣ್ಣದ ಚಂದದ ಪಟ್ಟಿ. "ಏನ್ ಮಾವ, ಮದಲಿಂಗನ ಹಂಗೆ ಕಡಗ ಹಾಕೀಯಲ್ಲ" ಅಂತ ಜತೆಯ ಕುರಿಗಾರ ನಕ್ಕ.

ವಾರ ಬಿಟ್ಟು ಬಂದವಳು ತನ್ನ ಫೋನು ನೋಡಿ ಮುಖ ಸಪ್ಪೆ ಮಾಡಿದಳು.

"ಅಜ್ಜ, ಇದು ಕೆಟ್ಟಿದೆ. ನಡಿಗೆ ತೋರಿಸ್ತದೆ, ನಿದ್ದೆ ತೋರಿಸ್ತಿಲ್ಲ."

ಬೇರೆಯದು ಕಟ್ಟಿದಳು. ಮುಂದಿನ ವಾರ ಅದೂ ಹಾಗೇ.

"ಎರಡೂ ಕೆಟ್ಟಿವೆ ಅಂತ ಬರೆದು ಕಳಿಸ್ತೀನಿ. ಮಾಡಿದ ಹುಡುಗರಿಗೆ ಇವತ್ತು ಚೆನ್ನಾಗಿ ಬೈಗುಳ" ಅಂದಳು.

ಅವರಿಗೆ ಯಾಕೆ ಬೈಗುಳ? "ಪಟ್ಟಿ ಸರಿ ಐತವ್ವ, ನಾನೇ ಕೆಟ್ಟೀನಿ" ಅಂದೆ. ಯಾರಿಗೂ ಹೇಳದ ಆಸ್ಪತ್ರೆಯ ಸಂಗತಿಯನ್ನು ಅವಳಿಗೆ ಹೇಳಿದೆ.

ಬಿಚ್ಚಿದ್ದ ಪಟ್ಟಿಯನ್ನು ಮತ್ತೆ ನನ್ನ ಕೈಗೇ ಕಟ್ಟಿದಳು.

"ಇದಕ್ಕೆ ನಿದ್ದೆ ಬರಲ್ಲ ಅಜ್ಜ. ಇದು ಎಚ್ಚರ ಇರ್ತದೆ, ನೀವು ಮಲಗ್ರಿ."

ಆ ಮಾತನ್ನು ಇನ್ನೊಮ್ಮೆ ಯಾರಾದರೂ ನನಗೆ ಹೇಳುತ್ತಾರೆ ಅಂದುಕೊಂಡಿರಲಿಲ್ಲ. ಆ ಹುಡುಗಿ ತಣ್ಣಗಿರಲಿ.

ಮಾರನೆ ಬೆಳಿಗ್ಗೆ ಮುಖಕ್ಕೆ ಬಿಸಿಲು ಬಿದ್ದ ಮೇಲೆ ಎದ್ದೆ. ದೊಡ್ಡಿಯಲ್ಲಿ ಕುರಿಗಳು ಒಂದೇ ಸಮನೆ ಒದರುತ್ತಿದ್ದವು. ಬಾಗಿಲು ತೆಗೆದು, "ತಪ್ಪಾಯ್ತ್ರವ್ವ" ಅಂತ ಒಂದೊಂದಕ್ಕೂ ಹೇಳಿ ಹೊರಗೆ ಬಿಟ್ಟೆ.